ಮಂಗಳನ ನೆಲದ ರಂಧ್ರಗಳೆಲ್ಲ ಗುಹೆಯ ಬಾಯಿಗಳಲ್ಲ

ಮಾನ್ಯ ಸಂಪಾದಕರೇ,

ಮಂಗಳ ಗ್ರಹದ ಆರ್ಸಿಯಾ ಮಾನ್ಸ್ ಜ್ವಾಲಾಮುಖಿಯ ಇಳಿಜಾರಿನಲ್ಲಿರುವ ಕಪ್ಪು ರಂಧ್ರವೊಂದರ ಚಿತ್ರವನ್ನು ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ದೊಡ್ಡದಾಗಿ ಪ್ರಕಟಿಸಿದ್ದೀರಿ. ಬೇರೊಂದು ಗ್ರಹದ ನೆಲದ ಚಿತ್ರಕ್ಕೆ ಇಷ್ಟು ಜಾಗ ಕೊಟ್ಟಿದ್ದಕ್ಕೆ ಮೊದಲು ಧನ್ಯವಾದ ಹೇಳುತ್ತೇನೆ. ಆದರೆ ಚಿತ್ರದ ಜೊತೆಗಿದ್ದ ಬರಹ ಆ ರಂಧ್ರವನ್ನು ಯಾವ ಅನುಮಾನವೂ ಇಲ್ಲದೆ ‘ಗುಹೆಯ ಬಾಯಿ’ ಎಂದು ಕರೆದು, ಮುಂದೊಂದು ದಿನ ಮನುಷ್ಯರು ಅದರೊಳಗೆ ಇಳಿದು ನೆಲೆಸುವ ಬಗ್ಗೆಯೇ ಮಾತನಾಡಿತು. ರಂಧ್ರ ಹೇಗೆ ಉಂಟಾಗಿರಬಹುದು ಎಂಬುದಕ್ಕೆ ಅದರಲ್ಲಿ ಸಿಕ್ಕಿದ್ದು ಒಂದೇ ವಾಕ್ಯ. ಈ ವಿಷಯದಲ್ಲಿ ಎಲ್ಲಕ್ಕಿಂತ ರೋಚಕವಾದದ್ದು ಆ ಪ್ರಶ್ನೆಯೇ ಎಂದು ನಂಬಿರುವ ಓದುಗನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಂಗಳನ ನೆಲದಲ್ಲಿ ತೂತು ಬೀಳಲು ಹಲವು ಕಾರಣಗಳಿವೆ. ಆಕಾಶದಿಂದ ಬಂದ ಕಲ್ಲು ಬಡಿದರೆ ಕುಳಿಯಾಗುತ್ತದೆ. ನೆಲದಡಿಯ ಪೊಳ್ಳಿನೊಳಕ್ಕೆ ಮೇಲ್ಪದರ ಕುಸಿದರೆ ಗುಂಡಿಯಾಗುತ್ತದೆ. ಮಣ್ಣಿನಲ್ಲಿ ಹುದುಗಿದ್ದ ಹಿಮ ದ್ರವವಾಗದೆ ನೇರವಾಗಿ ಆವಿಯಾಗಿ ಹೋದರೂ ತಗ್ಗು ಬೀಳುತ್ತದೆ. ಬಂಡೆಗಳ ಮೈಮೇಲಿನ ಸಣ್ಣ ರಂಧ್ರಗಳ ಕಥೆಯೇ ಬೇರೆ. ನೆಲದ ತೂತುಗಳಲ್ಲಿ ಬಹಳಷ್ಟು, ನೂರಾರು ಕಿಲೋಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಒಂದೇ ಬಗೆಯ ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ಹಾಗಾಗಿ ಚುಕ್ಕೆಯಷ್ಟನ್ನೇ ನೋಡಿ ಅದರ ಹುಟ್ಟನ್ನು ಹೇಳಲಾಗದು. ಅದರ ಅಂಚು, ಸುತ್ತಲಿನ ನೆಲ, ಆಳ ಮತ್ತು ಅಗಲಗಳ ಅನುಪಾತ, ಅಕ್ಕಪಕ್ಕದಲ್ಲಿ ಅಂಥವೇ ಬೇರೆ ಗುಂಡಿಗಳಿವೆಯೇ ಎಂಬುದು, ಇವನ್ನೆಲ್ಲ ಒಟ್ಟಿಗೆ ಓದಬೇಕಾಗುತ್ತದೆ.

ತಾವು ಪ್ರಕಟಿಸಿದ ರಂಧ್ರ ಕೆಲವೇ ಮೀಟರ್ ಅಗಲವಿದ್ದು, ಅದನ್ನು 2022ರ ಆಗಸ್ಟ್‌ನಲ್ಲಿ ಮಾರ್ಸ್ ರೆಕನೈಸೆನ್ಸ್ ಆರ್ಬಿಟರ್ ನೌಕೆಯ ಹೈರೈಸ್ ಕ್ಯಾಮೆರಾ ಸೆರೆಹಿಡಿಯಿತು. 2006ರಿಂದ ಮಂಗಳನನ್ನು ಸುತ್ತುತ್ತಿರುವ ಆ ನೌಕೆಯ ಕ್ಯಾಮೆರಾಕ್ಕೆ ಒಂದು ಊಟದ ಮೇಜಿನಷ್ಟು ದೊಡ್ಡ ವಸ್ತುವನ್ನೂ ಗುರುತಿಸುವ ಶಕ್ತಿಯಿದೆ. ಅದರ ಚಿತ್ರದ ಒಂದೊಂದು ಬಿಂದುವೂ ನೆಲದ ಮೇಲಿನ ಸುಮಾರು 25ರಿಂದ 30 ಸೆಂಟಿಮೀಟರ್ ಜಾಗವನ್ನು ತೋರಿಸುತ್ತದೆ. ಆದರೂ ಕೆಲವೇ ಮೀಟರ್ ಅಗಲದ ರಂಧ್ರವೆಂದರೆ ಅಡ್ಡಲಾಗಿ ಹತ್ತಿಪ್ಪತ್ತು ಬಿಂದುಗಳು ಮಾತ್ರ. ಅಷ್ಟರಲ್ಲಿ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬ ಎಚ್ಚರ ಬರಹದಲ್ಲಿ ಇರಬೇಕಿತ್ತು.

ಆರ್ಸಿಯಾ ಮಾನ್ಸ್ ಈ ಬಗೆಯ ಸುದ್ದಿಗೆ ಹೊಸದಲ್ಲ. 2007ರಲ್ಲಿ ಇದೇ ಪರ್ವತದ ಇಳಿಜಾರುಗಳಲ್ಲಿ ಸುಮಾರು 100ರಿಂದ 250 ಮೀಟರ್ ಅಗಲದ ಏಳು ಕಪ್ಪು ಗುಂಡಿಗಳು ಪತ್ತೆಯಾದವು. ಮಾರ್ಸ್ ಒಡಿಸ್ಸಿ ನೌಕೆಯ ಅವಕೆಂಪು ಕ್ಯಾಮೆರಾ ಅವುಗಳ ಉಷ್ಣತೆಯನ್ನು ಅಳೆದಾಗ, ಅವು ಹಗಲಿನಲ್ಲಿ ಸುತ್ತಲಿನ ನೆಲಕ್ಕಿಂತ ತಂಪಾಗಿಯೂ ರಾತ್ರಿಯಲ್ಲಿ ಬೆಚ್ಚಗೂ ಇರುವುದು ಕಂಡುಬಂತು. ಬಿಸಿಲು ತಳಕ್ಕೆ ತಲುಪದ, ಆಳವಾದ ಜಾಗದ ಲಕ್ಷಣ ಅದು. ಗುಹೆಯ ಮಾತು ಜಗತ್ತಿನಾದ್ಯಂತ ಹರಡಲು ಆ ಅಳತೆಯೇ ಮುಖ್ಯ ಕಾರಣವಾಯಿತು. ಆದರೆ ಆಳವಾದ ನೇರ ಬಾವಿಯಂಥ ಗುಂಡಿಯೂ ಹಗಲಿನಲ್ಲಿ ತಂಪಾಗಿಯೇ ಇರುತ್ತದೆ, ರಾತ್ರಿಯಲ್ಲಿ ಬೆಚ್ಚಗೇ ಇರುತ್ತದೆ. ಉಷ್ಣತೆಯ ಅಳತೆ ಆಳವಿದೆ ಎನ್ನುತ್ತದೆಯೇ ಹೊರತು, ಆ ಆಳದಿಂದ ಪಕ್ಕಕ್ಕೆ ಸುರಂಗವೊಂದು ಸಾಗಿದೆ ಎಂದು ಹೇಳುವುದಿಲ್ಲ.

ಈ ವ್ಯತ್ಯಾಸವನ್ನು ತೋರಿಸಿಕೊಟ್ಟದ್ದು ಅದೇ ವರ್ಷ ತೆಗೆದ ಎರಡು ಚಿತ್ರಗಳು. ಮೇ ತಿಂಗಳಲ್ಲಿ ಹೈರೈಸ್ ಕ್ಯಾಮೆರಾ ಆರ್ಸಿಯಾದ ಒಂದು ಗುಂಡಿಯನ್ನು ಚಿತ್ರಿಸಿದಾಗ ಅದರೊಳಗೆ ಕತ್ತಲೆಯ ಹೊರತು ಏನೂ ಕಾಣಲಿಲ್ಲ. ಚಿತ್ರದ ಬೆಳಕನ್ನು ಎಷ್ಟು ಹೆಚ್ಚಿಸಿದರೂ ತಳ ಮೂಡಲಿಲ್ಲ. ಆಗಸ್ಟ್‌ನಲ್ಲಿ ನೌಕೆ ಪಶ್ಚಿಮ ದಿಕ್ಕಿನಿಂದ ಓರೆಯಾಗಿ ಅದೇ ಗುಂಡಿಯನ್ನು ನೋಡಿತು. ಆಗ ಮಧ್ಯಾಹ್ನದ ನಂತರದ ಬಿಸಿಲು ಬಿದ್ದಿದ್ದ ಪೂರ್ವದ ಗೋಡೆ ಕಾಣಿಸಿತು. ಗುಂಡಿಯ ಬಾಯಿ 150 ಮೀಟರ್‌ಗೆ 157 ಮೀಟರ್; ಬಿಸಿಲು ಗೋಡೆಯ ಮೇಲೆ ಇಳಿದಿದ್ದ ಮಟ್ಟದಿಂದ ಲೆಕ್ಕ ಹಾಕಿದಾಗ ಆಳ ಕನಿಷ್ಠ 178 ಮೀಟರ್. ಗೋಡೆ ಹೆಚ್ಚುಕಡಿಮೆ ನೆಟ್ಟಗೆ ಇಳಿದಿತ್ತು. ವಿಶಾಲವಾದ ಗುಹೆಯೊಂದರ ಮೇಲ್ಛಾವಣಿಯ ಕಿಂಡಿ ಇರಬಹುದೆಂದು ಎಣಿಸಿದ್ದು, ಹವಾಯಿಯ ಜ್ವಾಲಾಮುಖಿಗಳ ಮೇಲಿರುವ ಕುಸಿತದ ಗುಂಡಿಗಳನ್ನು ಹೋಲುವ ನೇರ ಬಾವಿಯಂತೆ ತೋರಿತು.

ಈ ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು, ಅದಕ್ಕೆ ಶಾಲೆಯ ರೇಖಾಗಣಿತ ಸಾಕು. ಈ ನೌಕೆ ಮಂಗಳನ ಯಾವುದೇ ಜಾಗದ ಮೇಲೆ ಹಾದುಹೋಗುವುದು ಬಹುತೇಕ ಅಲ್ಲಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ. ಸಮಭಾಜಕ ವೃತ್ತಕ್ಕೆ ಹತ್ತಿರದ ಜಾಗಗಳಲ್ಲಿ ಆಗ ಸೂರ್ಯ ದಿಗಂತದಿಂದ ಸುಮಾರು 45 ಡಿಗ್ರಿ ಎತ್ತರದಲ್ಲಿರುತ್ತಾನೆ. 45 ಡಿಗ್ರಿ ಬಿಸಿಲಿನಲ್ಲಿ ನೆರಳಿನ ಉದ್ದವೂ ವಸ್ತುವಿನ ಎತ್ತರವೂ ಒಂದೇ. ನೆಟ್ಟಗಿನ ಗೋಡೆಯ ಗುಂಡಿಯಲ್ಲಿ ಪಶ್ಚಿಮದ ಅಂಚಿನ ನೆರಳು ತಳದ ಅರ್ಧಕ್ಕೆ ಬಂದು ನಿಂತಿದ್ದರೆ, ಆಳ ಅಗಲದ ಅರ್ಧದಷ್ಟು. ತಳವಿಡೀ ನೆರಳಿನಲ್ಲಿ ಮುಳುಗಿದ್ದರೆ, ಆಳ ಕನಿಷ್ಠ ಅಗಲದಷ್ಟಿದೆ ಎಂದು ತಿಳಿಯಬೇಕು. ಅದಕ್ಕಿಂತ ಎಷ್ಟು ಹೆಚ್ಚಿದೆ ಎಂದು ಹೇಳಲು ನೇರ ಮೇಲಿನಿಂದ ತೆಗೆದ ಚಿತ್ರ ಸಾಲದು. ‘ತಳವೇ ಇಲ್ಲದ ರಂಧ್ರ’ ಎಂಬ ಶೀರ್ಷಿಕೆಗಳು ಹುಟ್ಟುವುದು ಇಲ್ಲಿಂದ. ತಳ ಇದೆ, ಆ ಹೊತ್ತಿಗೆ ಅಲ್ಲಿಗೆ ಬಿಸಿಲು ಇಳಿದಿಲ್ಲ, ಅಷ್ಟೆ.

ಆಳ ಮತ್ತು ಅಗಲಗಳ ಈ ಅನುಪಾತ ಒಂದು ದೊಡ್ಡ ಸಾಧ್ಯತೆಯನ್ನು ಬಹುಬೇಗ ಬದಿಗೆ ಸರಿಸುತ್ತದೆ. ಉಲ್ಕೆ ಬಡಿದು ಉಂಟಾಗುವ ಸಣ್ಣ ಕುಳಿಯ ಆಳ ಸಾಮಾನ್ಯವಾಗಿ ಅದರ ಅಗಲದ ಐದನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಡಿಕ್ಕಿಯ ರಭಸಕ್ಕೆ ನೆಲದ ಕಲ್ಲುಮಣ್ಣು ಸಿಡಿದು ಸುತ್ತಲೂ ಬೀಳುವುದರಿಂದ ಅಂಚು ಉಬ್ಬಿರುತ್ತದೆ, ಆಚೆಗೆ ಸಿಡಿದ ವಸ್ತುವಿನ ಗೆರೆಗಳಿರುತ್ತವೆ. 2021ರ ಡಿಸೆಂಬರ್ 24ರಂದು ಅಮೆಜೋನಿಸ್ ಬಯಲಿನಲ್ಲಿ ನಡೆದ ಡಿಕ್ಕಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಂಪನವನ್ನು ಮಂಗಳನ ನೆಲದ ಮೇಲಿದ್ದ ಇನ್‌ಸೈಟ್ ನೌಕೆಯ ಭೂಕಂಪಮಾಪಕ ದಾಖಲಿಸಿತು. ಆಮೇಲೆ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಸುಮಾರು 150 ಮೀಟರ್ ಅಗಲ ಮತ್ತು 21 ಮೀಟರ್ ಆಳದ ಹೊಸ ಕುಳಿ ಸಿಕ್ಕಿತು. ಸಿಡಿದ ವಸ್ತು 37 ಕಿಲೋಮೀಟರ್ ದೂರದವರೆಗೂ ಹೋಗಿ ಬಿದ್ದಿತ್ತು. ಈಗ ಆರ್ಸಿಯಾದ ಗುಂಡಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಗಲ ಬಹುತೇಕ ಅಷ್ಟೇ, ಆಳ ಎಂಟು ಪಟ್ಟಿಗೂ ಹೆಚ್ಚು, ಉಬ್ಬಿದ ಅಂಚಿಲ್ಲ, ಸಿಡಿದ ಮಣ್ಣಿಲ್ಲ. ಮೇಲಿನಿಂದ ಬಿದ್ದ ಏಟು ಅಂಥ ಗುಂಡಿಯನ್ನು ತೋಡುವುದಿಲ್ಲ. ಒಳಗಿದ್ದ ಆಸರೆ ತಪ್ಪಿ ನೆಲ ಕೆಳಕ್ಕೆ ಹೋಗಿದೆ.

ಹಾಗಾದರೆ ಆ ಆಸರೆ ತಪ್ಪಿದ್ದೇಕೆ? ನಿಜವಾದ ಚರ್ಚೆ ಇರುವುದು ಇಲ್ಲಿ. ತಮ್ಮ ಬರಹ ಹೇಳಿದ ಲಾವಾ ಸುರಂಗ ಒಂದು ಸಾಧ್ಯತೆ ನಿಜ. ಹರಿಯುವ ಲಾವಾದ ಮೇಲ್ಪದರ ಆರಿ ಗಟ್ಟಿಯಾಗಿ, ಒಳಗಿನ ದ್ರವ ಮುಂದಕ್ಕೆ ಹರಿದುಹೋದಾಗ ಉದ್ದನೆಯ ಪೊಳ್ಳು ಉಳಿಯುತ್ತದೆ. ಅದರ ಛಾವಣಿ ಎಲ್ಲಾದರೂ ಒಂದು ಕಡೆ ಕುಸಿದರೆ ಕಿಂಡಿ ತೆರೆದುಕೊಳ್ಳುತ್ತದೆ. ಮಂಗಳನ ಗುರುತ್ವ ಭೂಮಿಯ ಗುರುತ್ವದ ನೂರಕ್ಕೆ 38ರಷ್ಟು ಮಾತ್ರ ಇರುವುದರಿಂದ ಅಲ್ಲಿ ಭೂಮಿಗಿಂತ ಅಗಲವಾದ ಸುರಂಗಗಳೂ ಕುಸಿಯದೆ ನಿಲ್ಲಬಲ್ಲವು. ಆದರೆ ಸುರಂಗವೆಂದ ಮೇಲೆ ಅದು ಇಳಿಜಾರಿನಲ್ಲಿ ಕೆಳಮುಖವಾಗಿ ಹರಿದ ಗುರುತು ನೆಲದ ಮೇಲೆ ಇರಬೇಕು: ಲಾವಾ ಹರಿವಿನ ದಿಣ್ಣೆ, ಅದರ ಬೆನ್ನಿನ ಮೇಲೆ ಬಳುಕುತ್ತ ಸಾಗುವ ಕುಸಿತಗಳ ಸಾಲು. ಅಂಥ ಸಾಲಿನಲ್ಲಿರುವ ರಂಧ್ರವನ್ನು ಗುಹೆಯ ಬಾಯಿ ಎಂದು ಊಹಿಸಲು ಆಧಾರವಿದೆ. ಒಂಟಿಯಾಗಿ ನಿಂತ ರಂಧ್ರಕ್ಕೆ ಆ ಆಧಾರವಿಲ್ಲ.

ಎರಡನೆಯ ಸಾಧ್ಯತೆ ನೆಲದಡಿಯ ಬಿರುಕುಗಳದ್ದು, ಮತ್ತು ಆರ್ಸಿಯಾದಂಥ ಜಾಗಕ್ಕೆ ಇದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ತಿಳಿವಳಿಕೆ. ಆರ್ಸಿಯಾ ನಿಂತಿರುವ ಥಾರ್ಸಿಸ್ ಪ್ರಸ್ಥಭೂಮಿ ಹಿಂದೆ ಉಬ್ಬಿದಾಗ ಅದರ ತೊಗಟೆ ಎಳೆತಕ್ಕೆ ಸಿಕ್ಕಿ ಸೀಳಿತು. ಶಿಲಾರಸ ಆ ಸೀಳುಗಳಲ್ಲಿ ಮೇಲೇರಿ, ಕೆಲವೆಡೆ ಹಿಂದಕ್ಕೆ ಇಳಿದು ಖಾಲಿ ಜಾಗ ಬಿಟ್ಟಿತು. ಗೋಣಿಚೀಲದ ತಳ ಹರಿದಾಗ ಕಾಳು ಜಾರಿ ಮೇಲೆ ಲಾಳಿಕೆಯಾಕಾರದ ತಗ್ಗು ಮೂಡುವಂತೆ, ಸೀಳಿನ ಮೇಲಿದ್ದ ಸಡಿಲ ಮಣ್ಣು ಕೆಳಕ್ಕೆ ಸುರಿದು ಗುಂಡಿಗಳಾಗುತ್ತವೆ. ಇಂಥವು ಬಳುಕುವುದಿಲ್ಲ, ಸೀಳಿನ ಗುಂಟ ನೇರ ಸಾಲಿನಲ್ಲಿ ನಿಲ್ಲುತ್ತವೆ. ಮೇಲ್ಪದರ ಸಡಿಲವಾಗಿರದೆ ಲಾವಾ ಆರಿ ಆದ ಗಟ್ಟಿ ಬಸಾಲ್ಟ್ ಕಲ್ಲಿನ ಪದರಗಳಿಂದ ಆಗಿದ್ದರೆ ತಗ್ಗು ಇಳಿಜಾರಾಗದೆ, ಛಾವಣಿ ತುಂಡುತುಂಡಾಗಿ ಕಳಚಿ ಬಿದ್ದು, ನೆಟ್ಟಗಿನ ಅಥವಾ ಒಳಕ್ಕೆ ಅಗಲವಾಗುವ ಗೋಡೆಯ ಬಾವಿ ಉಳಿಯುತ್ತದೆ. ಹವಾಯಿಯ ಕಿಲಾವೆಯ ಜ್ವಾಲಾಮುಖಿಯ ಮೇಲಿನ ಡೆವಿಲ್ಸ್ ಥ್ರೋಟ್ ಎಂಬ ಗುಂಡಿ ಇಂಥದ್ದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಬಾಯಿ ಈಗಿರುವುದಕ್ಕಿಂತ ಬಹಳ ಕಿರಿದಾಗಿತ್ತು, ಒಳಗೆ ಜಾಗ ಅಗಲವಾಗಿತ್ತು. ಆಮೇಲೆ ಅಂಚುಗಳು ಒಡೆದು ಬಿದ್ದು ಬಾಯಿ ಹಿಗ್ಗಿತು. ಹಾಗಾಗಿ ತಾವು ಪ್ರಕಟಿಸಿದ ಕೆಲವೇ ಮೀಟರ್‌ಗಳ ರಂಧ್ರ, ಇನ್ನೂ ಪೂರ್ತಿ ಬಾಯಿ ತೆರೆಯದ ಗುಂಡಿಯೂ ಆಗಿರಬಹುದು. ಥಾರ್ಸಿಸ್ ಸುತ್ತಮುತ್ತ ಇಂಥ ನೆಟ್ಟಗಿನ ಗೋಡೆಯ ಗುಂಡಿಗಳನ್ನು ನೂರಕ್ಕೂ ಹೆಚ್ಚು ಗುರುತಿಸಿರುವ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಶೋಧಕರು ಅವನ್ನು ಲಾವಾ ಸುರಂಗದ ಕಿಂಡಿಗಳಿಂದ ಬೇರೆಯದೇ ವರ್ಗವಾಗಿ ನೋಡುತ್ತಾರೆ. ಇಡೀ ಗ್ರಹದಲ್ಲಿ ಗುಹೆಯ ಬಾಯಿ ಆಗಿರಬಹುದಾದ ಜಾಗಗಳ ಪಟ್ಟಿ ಸಾವಿರವನ್ನು ದಾಟಿದೆ. ಆ ಪಟ್ಟಿಯನ್ನು ಸಿದ್ಧಪಡಿಸಿದವರೇ ಅವನ್ನು ಸಾಧ್ಯತೆಗಳು ಎಂದಷ್ಟೇ ಕರೆದಿರುವುದನ್ನು ಗಮನಿಸಬೇಕು.

ಪಕ್ಕದ ಪವೊನಿಸ್ ಮಾನ್ಸ್ ಜ್ವಾಲಾಮುಖಿಯ ಒಂದು ರಂಧ್ರ, ಸಡಿಲ ಮಣ್ಣಿನ ಇಳಿಜಾರು ತಗ್ಗು ಮತ್ತು ಅದರಡಿಯ ಪೊಳ್ಳು ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ನನಗೆ ವಿಶೇಷವಾಗಿ ಇಷ್ಟ. 2011ರಲ್ಲಿ ಹೈರೈಸ್ ತೆಗೆದ ಆ ಚಿತ್ರದಲ್ಲಿ ಮೊದಲು ಕಾಣುವುದು ಅಗಲವಾದ, ನಯವಾದ ಇಳಿಜಾರಿನ ಲಾಳಿಕೆಯಂಥ ತಗ್ಗು. ಅದರ ತಳದಲ್ಲಿ ಸುಮಾರು 35 ಮೀಟರ್ ಅಗಲದ ದುಂಡನೆಯ ರಂಧ್ರ. ಆ ರಂಧ್ರದ ಮೂಲಕ ಸುಮಾರು 20 ಮೀಟರ್ ಕೆಳಗೆ ಬಿಸಿಲು ಬಿದ್ದಿರುವ ಮಣ್ಣಿನ ರಾಶಿ. ಮೇಲಿನ ಸಡಿಲ ಮಣ್ಣು ಜಾರಿ ರಂಧ್ರದೊಳಕ್ಕೆ ಸುರಿದಿದೆ, ಸುರಿದದ್ದು ಕೆಳಗೆ ರಾಶಿಯಾಗಿ ನಿಂತಿದೆ, ಆ ರಾಶಿಯ ಸುತ್ತ ಕತ್ತಲೆಯಿದೆ. ಅಷ್ಟು ಮಣ್ಣು ನುಂಗಿಯೂ ತುಂಬದ ಜಾಗ ಒಳಗಿದೆ ಎಂದು ಇಲ್ಲಿ ಧೈರ್ಯವಾಗಿ ಹೇಳಬಹುದು. ಗುಹೆಯ ಮಾತಿಗೆ ಇಂಥ ಸಾಕ್ಷ್ಯ ಬೇಕು. ಇದೇ ಪವೊನಿಸ್‌ನ ಮೇಲೆ 190 ಮೀಟರ್‌ಗೆ 160 ಮೀಟರ್ ಅಳತೆಯ ಮತ್ತೊಂದು ಗುಂಡಿಯನ್ನು 2010ರಲ್ಲಿ ಕಂಡುಹಿಡಿದವರು ಕ್ಯಾಲಿಫೋರ್ನಿಯಾದ ಏಳನೆಯ ತರಗತಿಯ ಮಕ್ಕಳು ಎಂಬುದನ್ನೂ ತಮ್ಮ ಎಳೆಯ ಓದುಗರಿಗಾಗಿ ಹೇಳಬಯಸುತ್ತೇನೆ. ಅವರು ಲಾವಾ ಸುರಂಗಗಳನ್ನು ಅಭ್ಯಾಸ ಮಾಡಲು ಕೇಳಿ ಪಡೆದ ಚಿತ್ರದಲ್ಲಿ ಅದು ಸಿಕ್ಕಿತು.

ಇಷ್ಟು ಹೇಳಿದ ಮಾತ್ರಕ್ಕೆ ಉಲ್ಕೆಗಳನ್ನು ಮರೆಯುವಂತಿಲ್ಲ. ಮಂಗಳನ ವಾತಾವರಣದ ಒತ್ತಡ ಭೂಮಿಯದರ ನೂರಕ್ಕೆ ಒಂದು ಪಾಲೂ ಇಲ್ಲದ್ದರಿಂದ, ಇಲ್ಲಿ ಆಕಾಶದಲ್ಲೇ ಉರಿದುಹೋಗುವ ಗಾತ್ರದ ಕಲ್ಲುಗಳು ಅಲ್ಲಿ ನೆಲ ಮುಟ್ಟುತ್ತವೆ. 2006ರಲ್ಲಿ ಹಳೆಯ ಮತ್ತು ಹೊಸ ಚಿತ್ರಗಳನ್ನು ಹೋಲಿಸಿ, ಏಳು ವರ್ಷಗಳಲ್ಲಿ ಹೊಸದಾಗಿ ಬಿದ್ದ 20 ಕುಳಿಗಳನ್ನು ಪತ್ತೆ ಮಾಡಲಾಯಿತು. ನಾಲ್ಕು ಮೀಟರ್‌ನಷ್ಟು ಅಥವಾ ಅದಕ್ಕಿಂತ ಅಗಲದ ಕುಳಿಗಳು ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಉಂಟಾಗುತ್ತವೆ ಎಂಬ ಅಂದಾಜು ಅದರ ನಂತರ ಬಂತು. ತೆಳುವಾದರೂ ಆ ವಾತಾವರಣ ಕಲ್ಲನ್ನು ಒಡೆಯಬಲ್ಲದು. ಆದ್ದರಿಂದಲೇ ಹೊಸ ಡಿಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಕುಳಿಯಾಗಿರದೆ ಸಣ್ಣ ಕುಳಿಗಳ ಗುಂಪಾಗಿ ಕಾಣುತ್ತವೆ. ಅಷ್ಟೇ ಅಲ್ಲ, ದೊಡ್ಡ ಡಿಕ್ಕಿಯೊಂದು ಎಸೆದ ಕಲ್ಲುಗಳೇ ಮತ್ತೆ ಬಿದ್ದು ಲೆಕ್ಕವಿಲ್ಲದಷ್ಟು ಮರಿಕುಳಿಗಳನ್ನು ಮಾಡುತ್ತವೆ: ಸುಮಾರು 10 ಕಿಲೋಮೀಟರ್ ಅಗಲದ ಜುನಿಲ್ ಕುಳಿಯೊಂದರಿಂದಲೇ 10ರಿಂದ 200 ಮೀಟರ್ ಅಗಲದ ಸುಮಾರು ಒಂದು ಕೋಟಿ ಮರಿಕುಳಿಗಳು ಹುಟ್ಟಿವೆ ಎಂದು ಅಂದಾಜಿಸಲಾಗಿದೆ. ಮಂಗಳನ ಮೇಲೆ ಸಣ್ಣ ಹೊಂಡವೊಂದು ಕಂಡರೆ ಅದು ಡಿಕ್ಕಿಯಿಂದ ಆದದ್ದೇ ಆಗಿರುವ ಸಂಭವ ಹೆಚ್ಚು. ನೆಟ್ಟಗಿನ ಗೋಡೆಯ ಕಪ್ಪು ರಂಧ್ರಗಳು ಗಮನ ಸೆಳೆಯುವುದು ಅವು ಅಷ್ಟು ವಿರಳವಾಗಿರುವುದರಿಂದಲೇ.

ಧ್ರುವಗಳತ್ತ ಹೋದರೆ ಹೊಂಡಗಳ ಸ್ವಭಾವವೇ ಬದಲಾಗುತ್ತದೆ. ದಕ್ಷಿಣ ಧ್ರುವದ ಶಾಶ್ವತ ಹಿಮದ ಮೇಲ್ಭಾಗದಲ್ಲಿ ಸುಮಾರು 8 ಮೀಟರ್ ದಪ್ಪದ ಇಂಗಾಲದ ಡೈಆಕ್ಸೈಡ್ ಹಿಮದ ಪದರವಿದ್ದು, ಅದರ ತುಂಬ ದುಂಡನೆಯ, ಸಮತಟ್ಟಾದ ತಳದ ಹೊಂಡಗಳಿವೆ. ವಿಜ್ಞಾನಿಗಳು ಆ ನೆಲವನ್ನು ಸ್ವಿಸ್ ಚೀಸ್ ಎಂದೇ ಕರೆಯುತ್ತಾರೆ. ಬಿಸಿಲಿಗೆ ಅವುಗಳ ಗೋಡೆ ನೇರವಾಗಿ ಆವಿಯಾಗಿ ಮಂಗಳನ ಒಂದು ವರ್ಷದಲ್ಲಿ, ಅಂದರೆ ನಮ್ಮ 687 ದಿನಗಳಲ್ಲಿ, ಕೆಲವು ಮೀಟರ್‌ಗಳಷ್ಟು ಹಿಂದೆ ಸರಿಯುವುದನ್ನು ಚಿತ್ರಗಳಲ್ಲಿ ಅಳೆದಿದ್ದಾರೆ. 2017ರಲ್ಲಿ ಇದೇ ಪ್ರದೇಶದಲ್ಲಿ ನೂರಾರು ಮೀಟರ್ ಅಗಲದ ಆಳವಾದ ಹೊಂಡವೊಂದು ಕಂಡಾಗ, ಅದು ಡಿಕ್ಕಿಯ ಕುಳಿಯೋ ಕುಸಿತದ ಗುಂಡಿಯೋ ಎಂಬ ಪ್ರಶ್ನೆಯನ್ನು ಹೈರೈಸ್ ತಂಡವೇ ಬಹಿರಂಗವಾಗಿ ಮುಂದಿಟ್ಟಿತು. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಉತ್ತರದ ಮಧ್ಯ ಅಕ್ಷಾಂಶಗಳಲ್ಲಿ ಎರಡು ಕಾರಣಗಳು ಕೂಡಿಬರುವುದೂ ಉಂಟು: 2008ರಲ್ಲಿ ಕೆಲವೇ ಮೀಟರ್ ಅಗಲದ ಹೊಸ ಉಲ್ಕಾಕುಳಿಗಳ ತಳದಲ್ಲಿ ಬೆಳ್ಳನೆಯ ನೀರ್ಗಲ್ಲು ಕಂಡಿತು, ತಿಂಗಳುಗಳು ಕಳೆದಂತೆ ಅದು ಮಾಸುತ್ತ ಹೋಯಿತು.

ಮಂಗಳನ ನೆಲದ ಮೇಲೆ ಓಡಾಡುವ ರೋವರ್ ಯಂತ್ರಗಳ ಕಣ್ಣಿಗೆ ಬಿದ್ದ ಸೆಂಟಿಮೀಟರ್, ಮಿಲಿಮೀಟರ್ ಅಳತೆಯ ರಂಧ್ರಗಳ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಅವನ್ನೂ ಜೀವಿಗಳ ಬಿಲವೆಂದು ಆಗಾಗ ಬಿಂಬಿಸಲಾಗುತ್ತದೆ. 2004ರಲ್ಲಿ ಸ್ಪಿರಿಟ್ ಇಳಿದ ಗುಸೆವ್ ಕುಳಿಯ ಬಸಾಲ್ಟ್ ಕಲ್ಲುಗಳ ಮೇಲಿನ ತೂತುಗಳು ಲಾವಾ ಆರುವಾಗ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳವು. ಅದೇ ವರ್ಷ ಗ್ರಹದ ಇನ್ನೊಂದು ಬದಿಯಲ್ಲಿ ಆಪರ್ಚುನಿಟಿ ನೋಡಿದ ಪದರಗಲ್ಲಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ, ಒಂದೆರಡು ಮಿಲಿಮೀಟರ್ ಅಗಲದ ಚಪ್ಪಟೆ ಸೀಳುಗಳಿದ್ದವು. ಗುಳ್ಳೆ ಹಾಗೆ ಚಪ್ಪಟೆಯಾಗಿ, ದಿಕ್ಕಾಪಾಲಾಗಿ ಇರುವುದಿಲ್ಲ. ನೀರಿನಲ್ಲಿ ಬೆಳೆದ ಲವಣದ ಹರಳುಗಳು ಮುಂದೆ ಕರಗಿಹೋಗಿ ತಮ್ಮ ಆಕಾರವನ್ನಷ್ಟೇ ಕಲ್ಲಿನಲ್ಲಿ ಬಿಟ್ಟಿವೆ ಎಂದು ತಂಡ ತೀರ್ಮಾನಿಸಿತು; ಆ ಜಾಗದಲ್ಲಿ ಹಿಂದೆ ನೀರಿತ್ತು ಎಂಬ ವಾದಕ್ಕೆ ಆ ಖಾಲಿ ಸೀಳುಗಳೇ ಒಂದು ಆಧಾರವಾದವು. 2025ರ ಮಾರ್ಚ್‌ನಲ್ಲಿ ಜೆಜೆರೋ ಕುಳಿಯ ಅಂಚಿನಲ್ಲಿ ಪರ್ಸಿವಿಯರೆನ್ಸ್ ಕಂಡ ಬಂಡೆಯೊಂದು ಮಿಲಿಮೀಟರ್ ಗಾತ್ರದ ನೂರಾರು ಗೋಲಿಗಳಿಂದ ತುಂಬಿದ್ದು, ಕೆಲವು ಗೋಲಿಗಳಲ್ಲಿ ಸೂಜಿಯ ಮೊನೆಯಷ್ಟು ರಂಧ್ರಗಳಿದ್ದವು. ಅಂತರ್ಜಲದಲ್ಲಿ ಬೆಳೆದ ಉಂಡೆಗಳೋ, ಜ್ವಾಲಾಮುಖಿ ಎರಚಿದ ಹನಿಗಳೋ, ಉಲ್ಕೆಯ ಡಿಕ್ಕಿಯಲ್ಲಿ ಕರಗಿದ ಕಲ್ಲು ಆರಿ ಆದವೋ ಎಂಬ ಮೂರು ಸಾಧ್ಯತೆಗಳನ್ನು ಆ ತಂಡ ಮುಂದಿಟ್ಟಿತು.

ನಮ್ಮ ಯಂತ್ರಗಳು ಮಾಡಿದ ರಂಧ್ರಗಳೂ ಅಲ್ಲಿವೆ. ಕ್ಯೂರಿಯಾಸಿಟಿ ರೋವರ್ 2013ರ ಫೆಬ್ರುವರಿಯಲ್ಲಿ ಮೊದಲ ಬಾರಿಗೆ ಕೊರೆದ ತೂತು 1.6 ಸೆಂಟಿಮೀಟರ್ ಅಗಲದ್ದು. ಅದರ ಲೇಸರ್ ಕಲ್ಲುಗಳ ಮೇಲೆ ಸಾಲಾಗಿ ಸಣ್ಣ ಚುಕ್ಕೆಗಳನ್ನು ಬಿಟ್ಟಿದೆ. ಇನ್‌ಸೈಟ್ ನೌಕೆಯ ಉಷ್ಣಮಾಪಕ ಗೂಟ 2019ರಲ್ಲಿ ಐದು ಮೀಟರ್ ಆಳಕ್ಕೆ ಇಳಿಯಬೇಕಿತ್ತು. ಮೇಲ್ಮಣ್ಣು ಅಂಟಿಕೊಂಡು ಗಟ್ಟಿಯಾಗಿದ್ದುದರಿಂದ ಅದು ಪಕ್ಕಕ್ಕೆ ಓಲಾಡಿ ತನ್ನ ದಪ್ಪದ ಸುಮಾರು ಎರಡರಷ್ಟು ಅಗಲದ ಗುಳಿಯನ್ನು ಮಾಡಿಕೊಂಡು ಅಲ್ಲೇ ಉಳಿಯಿತು. ಆದರೆ ಆ ಗುಳಿಯ ಅಂಚು ಕುಸಿಯದೆ ನೆಟ್ಟಗೆ ನಿಂತದ್ದು, ಮಂಗಳನ ಒಣಮಣ್ಣು ನಾವೆಣಿಸಿದಷ್ಟು ಪುಡಿಯಲ್ಲ ಎಂಬುದನ್ನು ಕಲಿಸಿತು. ಗುಂಡಿಗಳ ಗೋಡೆಗಳ ಬಗ್ಗೆ ಯೋಚಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಗುಹೆಯ ಆಸೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಕ್ಯೂರಿಯಾಸಿಟಿ ಅಳೆದಿರುವಂತೆ ಮಂಗಳನ ನೆಲದ ಮೇಲೆ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್ ವಿಕಿರಣ ಬೀಳುತ್ತದೆ. ಕೆಲವು ಮೀಟರ್ ಕಲ್ಲಿನ ಮರೆ ಸಿಕ್ಕರೆ ಅದರ ಬಹುಪಾಲು ತಡೆಯಲ್ಪಡುತ್ತದೆ. ಹಿಂದೆ ಸೂಕ್ಷ್ಮಜೀವಿಗಳಿದ್ದಿದ್ದರೆ ಅವುಗಳ ಕುರುಹು ಉಳಿದಿರಲು ಅಂಥ ಜಾಗಗಳೇ ಮೇಲು. ಆದರೆ ಇದೆಲ್ಲ ಉಪಯೋಗಕ್ಕೆ ಬರುವುದು ಪಕ್ಕಕ್ಕೆ ಚಾಚಿದ ಸುರಂಗವಿದ್ದರೆ. ನೆಟ್ಟಗಿನ ಬಾವಿಯ ತಳದಲ್ಲಿ ನಿಂತವನಿಗೆ ತಲೆಯ ಮೇಲೆ ತೆರೆದ ಆಕಾಶವೇ ಇರುತ್ತದೆ. ರಂಧ್ರ ಹೇಗೆ ಹುಟ್ಟಿತು ಎಂಬುದು ತೀರ್ಮಾನವಾಗದೆ ಅದರಲ್ಲಿ ಯಾರು ಇರಬಹುದು ಎಂಬ ಮಾತಿಗೆ ನೆಲೆಯಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಇಂಥ ಚಿತ್ರಗಳನ್ನು ಪ್ರಕಟಿಸುವಾಗ ಅಳತೆಯ ಗೆರೆಯನ್ನು ಕತ್ತರಿಸದೆ ಉಳಿಸಿಕೊಳ್ಳಿ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಒಂದು ಬಾಣದ ಗುರುತು ಹಾಕಿಸಿ. ಉತ್ತರವನ್ನು ಮೇಲಕ್ಕಿಟ್ಟ ಹೈರೈಸ್ ಚಿತ್ರಗಳಲ್ಲಿ ಬೆಳಕು ಸಾಮಾನ್ಯವಾಗಿ ಎಡಗಡೆಯಿಂದ ಬರುತ್ತದೆ. ಪುಟವಿನ್ಯಾಸಕ್ಕಾಗಿ ಚಿತ್ರವನ್ನು ತಿರುಗಿಸಿದರೆ ತಗ್ಗು ದಿಬ್ಬದಂತೆಯೂ ದಿಬ್ಬ ತಗ್ಗಿನಂತೆಯೂ ಕಾಣುತ್ತದೆ. ರಂಧ್ರದ ಸುತ್ತಲಿನ ನೆಲವನ್ನೂ ಚಿತ್ರದಲ್ಲಿ ಸಾಕಷ್ಟು ಬಿಡಿ, ಏಕೆಂದರೆ ಸಾಲು, ಸೀಳು, ಸಿಡಿದ ಮಣ್ಣು ಇರುವುದು ಅಲ್ಲೇ. ಆರ್ಸಿಯಾದ ಆ ಪುಟ್ಟ ರಂಧ್ರವನ್ನು ನೌಕೆ ಮತ್ತೊಮ್ಮೆ ಬೇರೆ ಕೋನದಿಂದ, ಬೇರೆ ಋತುವಿನಲ್ಲಿ ನೋಡಿ, ಬಿಸಿಲು ಬಿದ್ದ ಗೋಡೆ ಕಾಣುವ ಚಿತ್ರ ಬಂದರೆ, ಅದು ಗುಹೆಯಲ್ಲವೆಂದು ತೋರಿಸಿದರೂ ಸರಿ, ಅದನ್ನೂ ಇದೇ ಗಾತ್ರದಲ್ಲಿ, ಇದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ